ಓ ಅನ್ನದವರನ್ನು ಎಳೆಯಲಾಗುವುದು

ಗೆಳೆಯರ ಜೊತೆ ಎಲ್ಲಿಗೆ ಹೊರಟರೂ ನನಗೆ ಏನಾದರೊಂದು ಆಗುತ್ತಲೇ ಬಂದಿದೆ. ಆದದ್ದನ್ನು ಹೇಳಲು ನಾನು ಉಳಿದುಕೊಂಡಿರುವುದೂ ಅದೇ ಗೆಳೆಯರಿಂದ. ಹೀಗಾಗಿ ದೂರುವ ಹಕ್ಕು ನನಗಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆ ರಜೆಯಲ್ಲಿ ನಾವು ಮೂವರು ದುಮ್ಮವಾಡದ ಆಚೆ, ಗುಡ್ಡದ ಬುಡದಲ್ಲಿದ್ದ ನೀರು ತುಂಬಿದ ಗವಿಯೊಳಗೆ ಮುಳುಗಿ ನೋಡಲು ಹೋದೆವು. ನೀರಿನಡಿಯಿಂದ ಬಂಡೆ ದಾಟಿದರೆ ಆಚೆ ಇನ್ನೊಂದು ಕೋಣೆ ಇದೆ ಎಂದು ಜನ ಹೇಳುತ್ತಿದ್ದರು. ಹೇಳಿದವರು ಯಾರೂ ನೋಡಿರಲಿಲ್ಲ.

ನಾನು ಕಲಘಟಗಿಯಲ್ಲಿ ಹೈಸ್ಕೂಲ್ ಮಾಸ್ತರ. ಎರಡನೆಯವನು ಅದೇ ಊರಿನ ದನದ ದವಾಖಾನೆಯ ಕಂಪೌಂಡರ. ಮೂರನೆಯವನು ಕಾಲೇಜಿನಲ್ಲಿ ನಮ್ಮ ಕೋಣೆಯಲ್ಲಿದ್ದ ಮೊರಬದವನು, ಬಿ.ಎ. ಮುಗಿಸಿ ಒಕ್ಕಲುತನಕ್ಕೆ ಮರಳಿದ್ದ. ನಮ್ಮಿಬ್ಬರಿಗೆ ಈಜು ಬರುತ್ತಿತ್ತು. ಮೊರಬದ ಕಡೆ ನೀರು ಕುಡಿಯಲು ಸಿಕ್ಕರೆ ಹೆಚ್ಚು, ಅದರಲ್ಲಿ ಯಾರೂ ಈಜುವುದಿಲ್ಲ. ಆದ್ದರಿಂದ ದಂಡೆಯ ಮೇಲೆ ಕುಳಿತು ಹಗ್ಗ ಹಿಡಿಯುವ ಕೆಲಸ, ಅಂದರೆ ನಮ್ಮಿಬ್ಬರ ಜೀವ, ಅವನ ಕೈಗೆ ಹೋಯಿತು.

ಬ್ಯಾಟರಿ

ನೀರಿನೊಳಗೆ ಬೆಳಕು ಬೇಕಲ್ಲ. ಕಂಪೌಂಡರ ಮೂರು ಸೆಲ್ಲಿನ ಬ್ಯಾಟರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಸುತ್ತಿ ಬಿಗಿದ. ಎತ್ತಿನ ಮುರಿದ ಕಾಲಿಗೆ ಪಟ್ಟಿ ಕಟ್ಟಿ ಪಳಗಿದ ಕೈ. ಹನಿ ನೀರು ಒಳಗೆ ಹೋಗುವಂತಿರಲಿಲ್ಲ. ಬೆರಳೂ ಹೋಗುವಂತಿರಲಿಲ್ಲ. ಪರೀಕ್ಷೆಗೆಂದು ಹಚ್ಚಿ ನೋಡಿದ್ದನ್ನು ಆರಿಸದೆ ಕಟ್ಟಿಬಿಟ್ಟಿದ್ದ. ಆರಿಸುವ ಗುಂಡಿ ಪಟ್ಟಿಯ ಕೆಳಗೆ ಉಳಿದಿತ್ತು. ಬಿಚ್ಚಿ ಕಟ್ಟೋಣವೆಂದರೆ ಬಸ್ಸು ಬಂತು.

ಹಾಡುಹಗಲು ಬಸ್ಸಿನಲ್ಲಿ ಉರಿಯುವ ಬ್ಯಾಟರಿ ತೊಡೆಯ ಮೇಲಿಟ್ಟುಕೊಂಡು ಕುಳಿತೆವು. ಕಂಡಕ್ಟರ ಬಂದು ಸ್ವಲ್ಪ ಹೊತ್ತು ನೋಡಿದ.

"ಮಾಸ್ತರ, ಸೂರ್ಯಾ ಮ್ಯಾಲ ಅದಾನ. ಬ್ಯಾಟ್ರಿ ಯಾಕ ಹಚ್ಚೀರಿ?"

"ಆರಸಾಕ ಬರೂದಿಲ್ರಿ," ಎಂದೆ.

ಅವನು ಅದನ್ನು ಮನಸ್ಸಿಗೆ ಹಾಕಿಕೊಂಡ. "ಹೆಂಗೂ ಉರ್ಯಾಕತ್ತೈತಿ, ಒಂದೀಟು ಸೀಟಿನ ಕೆಳಗ ಹಿಡೀರಿ. ನನ್ನ ಪೆನ್ನಿನ ಟೊಪ್ಪಿಗಿ ಉಳ್ಳಿಹೋಗೇತಿ."

ಟೊಪ್ಪಿಗೆ ಸಿಕ್ಕಿತು. ಆ ಬ್ಯಾಟರಿಯಿಂದ ಅವತ್ತು ಏನಾದರೂ ಸಿಕ್ಕಿದ್ದರೆ ಅದೊಂದೇ.

ಅಟ್ಟ

ದುಮ್ಮವಾಡದಲ್ಲಿ ಕಂಪೌಂಡರನ ಅಜ್ಜಿಯ ಮನೆ. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಮನೆಗೆ ಬಂದವರು ಉಣ್ಣದೆ ಹೋದರೆ ಆಯಿ ಮುಂದೆ ಅವರ ಹೆಸರು ಎತ್ತುತ್ತಿರಲಿಲ್ಲ. ರೊಟ್ಟಿ, ಬದನೆಕಾಯಿ ಎಣಗಾಯಿ, ಕೆನೆಮೊಸರು. ಹೊಟ್ಟೆ ತುಂಬಿದರೆ ಮುಳುಗಿ ಈಜುವುದು ಕಷ್ಟ ಎಂದು ನಾನು ವಿಜ್ಞಾನ ಹೇಳಿದೆ. "ತುಂಬಿದ ಕೊಡ ಮುಳುಗತೈತೋ ಖಾಲಿ ಕೊಡ ಮುಳುಗತೈತೋ?" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಉಂಡ ಮೇಲೆ ವಿಚಾರಣೆ.

"ಗವಿಯೊಳಗ ಏನೈತಿ ಅಂತ ಹೊಂಟೀರಿ?"

"ಗೊತ್ತಿಲ್ಲ ಆಯಿ. ಅದಕ್ಕ ನೋಡಾಕ ಹೊಂಟೇವಿ."

"ನಮ್ಮ ಅಟ್ಟದ ಮ್ಯಾಲ ಏನೈತಿ ಅಂತನೂ ಯಾರಿಗೂ ಗೊತ್ತಿಲ್ಲ. ಮೊದಲ ಅದನ್ನ ನೋಡ್ರಿ."

ನೀರಿನ ಗವಿಯ ಶೋಧಕ್ಕೆ ಬಂದ ಮೂವರು ಪದವೀಧರರು ಅಟ್ಟ ಹತ್ತಿ ಧೂಳು ಹೊಡೆದೆವು. ಒಡೆದ ಬೀಸುಕಲ್ಲು, ತೊಟ್ಟಿಲಿನ ಒಂದು ಕಾಲು, ಕೊನೆಗೆ ಮೂಲೆಯಲ್ಲಿ ಬಾವಿಯ ಹಳೆಯ ಹಗ್ಗದ ಸುರುಳಿ. ಹೆಬ್ಬೆರಳಷ್ಟು ದಪ್ಪ, ಗಟ್ಟಿಮುಟ್ಟು. ನಾವು ತಂದದ್ದು ಬಟ್ಟೆ ಒಣಹಾಕುವ ನೂಲಿನ ಹಗ್ಗ. ಮೊರಬದವನು ಅದನ್ನು ಕಿಡಕಿಯಾಚೆ ಎಸೆದು ಇದನ್ನು ಹೆಗಲಿಗೆ ಹಾಕಿಕೊಂಡ.

ಆಯಿ ತಡೆದಳು. "ಅಟ್ಟದ ಸಾಮಾನು ಹೊರಗ ಹೋಗೂದಿಲ್ಲ."

"ಸಂಜಿಗೆ ತಂದಿಡ್ತೀನಿ ಆಯಿ."

"ಹಗ್ಗದ ತುದೀಗೆ ಇವರಿಬ್ಬರೂ ಇರಬೇಕು ಮತ್ತ."

ಹಗೇವಿನ ಕಾನೂನು

ಹೊರಗೆ ಬಿಸಿಲು ಸುಡುತ್ತಿದ್ದರೂ ಗವಿಯ ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಮೊದಲು ಕಂಪೌಂಡರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದ. ಅವನ ಕಾಲು ಮರೆಯಾಗುವಷ್ಟರಲ್ಲಿ ದಂಡೆಯಿಂದ ಮೊರಬದವನು ಕೂಗಿದ: "ಲೇ, ಓ ಅನ್ನು." ನೀರು ಓ ಅನ್ನಲಿಲ್ಲ. ಮರುಕ್ಷಣವೇ ಎಳೆದ. ಕಂಪೌಂಡರ ಹಿಂದುಮುಂದಾಗಿ ಮೇಲೆ ಬಂದ, ಮೂಗು ಬಂಡೆಗೆ ತರಚಿತ್ತು.

"ಯಾಕ ಎಳದಿ?"

"ಓ ಅನ್ನಲಿಲ್ಲ ನೀ."

ಇದು ಹಗೇವಿನ ಪದ್ಧತಿ. ಅವರ ಊರಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಾರೆ. ತೆಗೆಯುವಾಗ ಒಳಗಿನ ಹವೆ ಕೆಟ್ಟಿರುತ್ತದೆ. ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲಿದ್ದವನು ಕೂಗುತ್ತಲೇ ಇರಬೇಕು. ಒಳಗಿನವನು ಓ ಎಂದರೆ ಕ್ಷೇಮ. ಅನ್ನದಿದ್ದರೆ ಯಾಕೆ ಏನು ಕೇಳದೆ ಎಳೆಯಬೇಕು.

"ನೀರಾಗ ಹೆಂಗ ಓ ಅನ್ನಬೇಕಲೇ?" ಎಂದ ಕಂಪೌಂಡರ.

"ಅದು ನಿನ್ನ ತ್ರಾಸು. ನಾ ನಮ್ಮ ಕಾಕಾನ್ನ ಹಿಂಗ ಉಳಿಸೇನಿ."

ಬಹಳ ಹೊತ್ತಿನ ವಾದದ ನಂತರ ಕರಾರು ಆಯಿತು. ಒಂದು ಸಲ ಜಗ್ಗಿದರೆ ಹಗ್ಗ ಬಿಡುವುದು. ಎರಡು ಸಲ ಜಗ್ಗಿದರೆ ಎಳೆಯುವುದು. ಅವನ ಕಡೆಯಿಂದ ಇನ್ನೊಂದು ಷರತ್ತು: ನಾವು ಮುಳುಗಿದ ಕೂಡಲೆ ಅವನೂ ದಂಡೆಯ ಮೇಲೆ ಉಸಿರು ಬಿಗಿಹಿಡಿಯುವುದು, ಅವನಿಗೆ ತಡೆಯದಾದಾಗ ನಮಗೂ ತಡೆಯದಾಗಿದೆ ಎಂದು ತಿಳಿದು ಎಳೆಯುವುದು. ನ್ಯಾಯವಾಗಿಯೇ ಕಂಡಿತು.

ಕಂಪೌಂಡರ ಮತ್ತೆ ಮುಳುಗಿದ, ತಾನಾಗಿಯೇ ಮೇಲೆ ಬಂದ, ಸೀನಿದ. ನೋಡಿದರೆ ಮೊರಬದವನು ಮುಖ ಕಪ್ಪಿಟ್ಟು, ಕಣ್ಣು ಮೇಲೆ ಮಾಡಿ, ನನ್ನ ಹೆಗಲ ಮೇಲೆ ವಾಲಿದ್ದ. ಅವತ್ತು ನೀರಿಗೆ ಇಳಿಯದೆ ಮುಳುಗಲು ಹೊರಟವನು ಅವನೊಬ್ಬನೇ.

ಆಚೆಯ ಕೋಣೆ

ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬ್ಯಾಟರಿ ಹಿಡಿದು ನಾನು ಇಳಿದೆ. ಉಸಿರು ಹಿಡಿಯುವ ಷರತ್ತನ್ನು ರದ್ದು ಮಾಡಿಸಿದ್ದೆ. ಬಂಡೆಯ ಅಡಿಯಲ್ಲಿ ನುಸುಳಿ, ಕೈಗೆ ಮೇಲ್ಭಾಗ ಸಿಗದಾದಾಗ ತಲೆ ಎತ್ತಿದರೆ ಗಾಳಿ. ಜನ ಹೇಳಿದ ಕೋಣೆ ನಿಜಕ್ಕೂ ಇತ್ತು. ಎದೆಮಟ್ಟ ನೀರು, ಮೇಲೆ ಕಲ್ಲಿನ ಕಮಾನು. ಇಷ್ಟು ನೋಡುವಷ್ಟರಲ್ಲಿ ಬೆಳಗಿನಿಂದ ಬಿಸಿಲಿಗೆ ಬೆಳಕು ಹಂಚುತ್ತ ಬಂದಿದ್ದ ಬ್ಯಾಟರಿ ಆರಿತು.

ಕತ್ತಲೆಯಲ್ಲಿ ಬಂದ ದಾರಿ ಯಾವ ಕಡೆ ಎಂದು ತಿಳಿಯಲಿಲ್ಲ. ಹಗ್ಗ ಹಿಡಿದು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಜಗ್ಗಿದೆ. ಹೆದರಿದ ಕೈ ಒಂದು, ಎರಡು ಎಂದು ಬಿಡಿಸಿ ಜಗ್ಗುವುದಿಲ್ಲ. ಒಂದೇ ಸಮನೆ ಜಗ್ಗುತ್ತದೆ. ಅದನ್ನು ಒಂದೇ ಜಗ್ಗು ಎಂದೆಣಿಸಿ ಮೊರಬದವನು ಕರಾರಿನ ಪ್ರಕಾರ ಹಗ್ಗ ಬಿಟ್ಟ. ಜಗ್ಗಿದಷ್ಟೂ ಬಿಟ್ಟ. ಅವನ ಕೈಯಲ್ಲಿದ್ದ ತುದಿಯೊಂದು ಬಿಟ್ಟು ಆಯಿಯ ಹಗ್ಗವೆಲ್ಲ ನನ್ನ ಸುತ್ತ ಬಂದು ತೇಲತೊಡಗಿತು. ಚಳಿಗೆ ಕಾಲು ಸೆಟೆಯುತ್ತಿತ್ತು.

ಆಗ ಮೇಲಿನ ಬಂಡೆಯ ಬಿರುಕಿನಿಂದ ದನಿ ಬಂತು. ಹೊಲದ ಈ ಬದುವಿನಿಂದ ಆ ಬದುವಿಗೆ ಎತ್ತು ತಿರುಗಿಸುವ ದನಿ.

"ಮಾಸ್ತರ, ಓ ಅನ್ನಲೇ."

"ಓ," ಎಂದೆ. ಬದುಕಿದೆ ಅನಿಸಿತು.

"ಅದಾನ, ಅರಾಮ ಅದಾನ," ಎಂದು ಅವನು ಕಂಪೌಂಡರನಿಗೆ ಹೇಳಿದ್ದು ಕೇಳಿಸಿತು. "ಒಳಗ ಹವಾ ಚಲೋ ಐತಿ. ನೋಡ್ಲಿ ಬಿಡು ಸಾವಕಾಶ."

ಎಳೆಯೋ ಎಂದೆ, ಸಾಯುತ್ತೇನೋ ಎಂದೆ. ನನ್ನ ದನಿ ಕಮಾನಿನಲ್ಲಿ ಸುತ್ತಿ ಬಿರುಕಿನಲ್ಲಿ ತೂರುವಷ್ಟರಲ್ಲಿ ಅದರಲ್ಲಿ ಮಾತು ಉಳಿಯುತ್ತಿರಲಿಲ್ಲ, ಸದ್ದು ಮಾತ್ರ ಉಳಿಯುತ್ತಿತ್ತು. ಅವನಿಗೆ ಸದ್ದು ಸಾಕಾಗಿತ್ತು. ನಾನು ಹೆಚ್ಚು ಕೂಗಿದಷ್ಟು ಅವನಿಗೆ ಹೆಚ್ಚು ಸಮಾಧಾನ. ಆಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚುವ ಮಾತೂ ಬಂತು.

ಆಗ ತಿಳಿಯಿತು. ನಾನು ಬದುಕಬೇಕಾದರೆ ಬಾಯಿ ಮುಚ್ಚಬೇಕು. ಮಾಸ್ತರನಿಗೆ ಇದು ಸುಲಭವಲ್ಲ.

"ಮಾಸ್ತರ, ಓ ಅನ್ನು."

ಸುಮ್ಮನಿದ್ದೆ.

"ಲೇ ಮಾಸ್ತರ."

ಗಂಟಲಲ್ಲಿ ಓ ಬಂದು ನಿಂತಿತ್ತು. ತುಟಿ ಕಚ್ಚಿಕೊಂಡೆ.

"ಓ ಅನ್ನೋ ನಮ್ಮಪ್ಪಾ." ಈ ಸಲ ದನಿ ಒಡೆದಿತ್ತು. ಅಂಥ ದನಿಗೆ ಓಗೊಡದೆ ಇದ್ದದ್ದಕ್ಕಿಂತ ಕಷ್ಟದ ಕೆಲಸ ನಾನು ಇವತ್ತಿಗೂ ಮಾಡಿಲ್ಲ.

ಹಗ್ಗ ಬಿಗಿಯಿತು. ಉಸಿರೆಳೆದುಕೊಳ್ಳುವಷ್ಟರಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದಂತೆ ನೀರಿನಡಿ ಹೊರಟೆ. ಮೊಣಕಾಲಿನ ಚರ್ಮವನ್ನೂ ಅರ್ಧ ಚಡ್ಡಿಯನ್ನೂ ಗವಿಗೆ ಬಿಟ್ಟು ದಂಡೆಗೆ ಬಂದೆ. ಮೊರಬದವನು ಅಳುತ್ತ ನನ್ನ ಬೆನ್ನಿಗೆ ಗುದ್ದುತ್ತಿದ್ದ.

"ಯಾಕ ಓ ಅನ್ನಲಿಲ್ಲಲೇ?"

"ಅಂದಿದ್ರ ನೀ ಎಳೀತಿರಲಿಲ್ಲ."

ಕಣ್ಣೊರೆಸಿಕೊಂಡು ಯೋಚಿಸಿದ. "ಹಂಗಾರ ಮೊದಲ ಯಾಕ ಅಂದಿ?"

ಸಂಜೆ ಆಯಿ ಕೊಟ್ಟ ಸಾಮಾನು ಎಣಿಸಿಕೊಳ್ಳುವಂತೆ ನಮ್ಮಿಬ್ಬರ ಮುಖ ನೋಡಿದಳು. "ಒಳಗ ಏನಿತ್ತು?"

"ಕತ್ತಲಿ ಇತ್ತು ಆಯಿ."

"ಅಟ್ಟದಾಗೂ ಅದ ಇತ್ತಲ್ಲ," ಎಂದು ನನ್ನ ಮೊಣಕಾಲಿಗೆ ಅರಿಸಿನ ಮೆತ್ತಿದಳು.

ಆಮೇಲೆ ನನಗೆ ಮದುವೆಯಾಯಿತು, ಮಕ್ಕಳಾದರು; ಎಲ್ಲವೂ ಆ ಹಗ್ಗದ ಈ ತುದಿಯಲ್ಲಿ ಆದದ್ದು. ಮೊರಬದವನು ವರ್ಷಕ್ಕೊಮ್ಮೆ ಹೊಸ ಜೋಳ ಹೊತ್ತು ನಮ್ಮ ಮನೆಗೆ ಬರುತ್ತಾನೆ. ನಾನು ಬಚ್ಚಲಿಗೆ ಹೋಗಿ ಸ್ವಲ್ಪ ತಡವಾದರೆ ಸಾಕು, ಹೊರಗಿನಿಂದ "ಮಾಸ್ತರ, ಓ ಅನ್ನಲೇ" ಎನ್ನುತ್ತಾನೆ. ಹೆಂಡತಿ ನಗುತ್ತಾಳೆ. ನಾನು ನಗದೆ ಓ ಅನ್ನುತ್ತೇನೆ.

ಹೋದ ವರ್ಷ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡಿದ್ದರಿಂದ ಒಮ್ಮೆ ಅನ್ನಲಿಲ್ಲ. ಬಚ್ಚಲ ಬಾಗಿಲು ಈಗ ಹೊಸದು.