ನೂರೊಂದು ಡಾಲರಿನ ಮುಯ್ಯಿ

ಬಾಲಿಗಂಜ್, ಕೋಲ್ಕತ್ತಾ
ಏಪ್ರಿಲ್ ೨೦೦೮

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದ ಮ್ಯಾನೇಜರ್ ಶ್ರೀ ಪುರುಷೋತ್ತಮ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಸಾಲ್ಟ್ ಲೇಕಿನ ಗಾಜಿನ ಕಟ್ಟಡದ ಆರನೆಯ ಮಹಡಿಯಲ್ಲಿ, ಏಸಿಯ ಚಳಿಗೆ ಸ್ವೆಟರ್ ತೊಟ್ಟು ದೇಶದ ಡಾಲರುಗಳನ್ನು ಕಾಯುತ್ತಿರುವ ತಮಗೆ, ಅಲ್ಲಿಗೆ ಏಳು ಸಲ ಬಸ್ಸು ಹತ್ತಿ ಬಂದ ನಿವೃತ್ತ ರೈಲ್ವೆ ಗುಮಾಸ್ತ ಓಂಕಾರಪ್ಪನ ಸಾಷ್ಟಾಂಗ ನಮಸ್ಕಾರಗಳು.

ಈಗ ನಮ್ಮಂಥವರೂ ವರ್ಷಕ್ಕೆ ಎರಡು ಲಕ್ಷ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದೆಂದು ಪೇಪರಿನಲ್ಲಿ ಓದಿ, ಸಿಂಗಪುರದಲ್ಲಿರುವ ನನ್ನ ಅಕ್ಕ ವಸಂತಾಳ ಮಗಳು ಪ್ರಕೃತಿಯ ಮದುವೆಗೆ ನೂರೊಂದು ಡಾಲರ್ ಕಳಿಸಲು ಬಂದದ್ದು ನನ್ನ ಉದ್ಧಟತನ. ಎರಡು ಲಕ್ಷವೆಂದಿದ್ದರೆ ಕೂರಲು ಕುರ್ಚಿಯಾದರೂ ಸಿಗುತ್ತಿತ್ತೇನೋ. ಹಣ ಕಳಿಸುವ ಉದ್ದೇಶವೇನೆಂದು ಫಾರಂ ಕೇಳಿದ ಜಾಗದಲ್ಲಿ ‘ಉಡುಗೊರೆ’ ಎಂದು ಗೀಚಿ ಬರುವ ಬದಲು, ಮೂವತ್ತಾರು ವರ್ಷ ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯದ ಚಾಳಿಯಿಂದ, ‘ನನ್ನ ಮದುವೆಗೆ ಅಕ್ಕ ಮಾಡಿದ ಮುಯ್ಯಿಯನ್ನು ಅವಳ ಮಗಳ ಮದುವೆಯಲ್ಲಿ ಹಿಂತಿರುಗಿಸುವುದು’ ಎಂದು ಇಂಗ್ಲಿಷಿನಲ್ಲಿ ವಿವರವಾಗಿ ಬರೆದುಬಿಟ್ಟೆ.

ತಮ್ಮ ಚುರುಕಿಗೆ ದೃಷ್ಟಿ ತೆಗೆಯಬೇಕು! ಹಿಂತಿರುಗಿಸುವುದಾದರೆ ಅದು ಸಾಲ, ಹೊರದೇಶದವರಿಂದ ಪಡೆದ ಸಾಲಕ್ಕೆ ಕರಾರುಪತ್ರ ಎಲ್ಲಿ, ಬಡ್ಡಿ ಎಷ್ಟು, ಅನುಮತಿ ಯಾರದು ಎಂದು ಕೇಳಿದಿರಿ. ೧೯೭೬ರಲ್ಲಿ ಧಾರೆ ಮಂಟಪದಲ್ಲೇ ಅಕ್ಕ ತನ್ನ ಕೈಬಳೆ ಬಿಚ್ಚಿ ನನ್ನ ಹೆಂಡತಿ ಕೋಕಿಲಾಳಿಗೆ ತೊಡಿಸಿದಾಗ ಕರಾರುಪತ್ರ ಬರೆಸಿಕೊಳ್ಳದಿದ್ದದ್ದು ನಮ್ಮ ಮನೆತನದ ದೊಡ್ಡ ಲೋಪ. ಉಡುಗೊರೆಯೆಂದೇ ಹೊಸ ಫಾರಂ ತುಂಬಿ ತಂದರೆ, ಹೇಳಿಕೆ ಬದಲಿಸಿದ್ದೇಕೆಂದು ವಿವರಣೆ ಕೇಳಿದಿರಿ. ನಾನು ತಂದ ಕಾಳಿಘಾಟಿನ ಪ್ರಸಾದವನ್ನು ಮಾತ್ರ ಯಾವ ಫಾರಂ ಇಲ್ಲದೆ ಸ್ವೀಕರಿಸಿದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಾಗದಂತೆ ಕಾಪಾಡಿದ ಕೀರ್ತಿ ತಮ್ಮದು.

ಅಷ್ಟರಲ್ಲಿ ಮದುವೆ ಮುಗಿದೇಹೋಯಿತು. ಮುಯ್ಯಿ ಓದುವಾಗ ಎಲ್ಲರಿಗಿಂತ ಮೊದಲು ಕೂಗಬೇಕಾದ ಸೋದರಮಾವನ ಹೆಸರನ್ನು ಯಾರೂ ಕೂಗಲಿಲ್ಲ. ಅಕ್ಕ ಫೋನಿನಲ್ಲಿ ‘ಇರಲಿ ಬಿಡೋ’ ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು; ನನಗೆ ಅಳುವೇ ಬಂತು, ಸ್ವಾಮಿ.

ಆದಕಾರಣ ತಮ್ಮ ವಿಭಾಗದ ಒಪ್ಪಿಗೆ ಬರುವವರೆಗೆ ಮುಹೂರ್ತ ಇಡಕೂಡದೆಂದು ಪುರೋಹಿತರಿಗೆಲ್ಲ ಸುತ್ತೋಲೆ ಕಳಿಸಬೇಕೆಂದೂ, ಪ್ರಕೃತಿಯನ್ನೂ ಅವಳ ಗಂಡನನ್ನೂ ತಮ್ಮ ಖರ್ಚಿನಲ್ಲಿ ಮತ್ತೊಮ್ಮೆ ಹಸೆಮಣೆಯ ಮೇಲೆ ಕೂರಿಸಿ ನನ್ನ ಹೆಸರನ್ನು ತಾವೇ ನಿಂತು ಗಟ್ಟಿಯಾಗಿ ಕೂಗಬೇಕೆಂದೂ ವಿನಂತಿ.

ದಾಖಲೆಯಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಓಂಕಾರಪ್ಪ

ಮರೆತ ಮಾತು: ತಮ್ಮ ಮಗಳು ಶ್ರೀರಕ್ಷಾಳ ಮದುವೆಯ ಕರೆಯೋಲೆ ಕನ್ನಡ ಸಂಘದವರ ಕೈಯಲ್ಲಿ ತಲುಪಿತು, ಬಹಳ ಸಂತೋಷ. ಹೋದ ವರ್ಷ ನಮ್ಮ ಮಗ ರೋಹಿತನ ಮದುವೆಯಲ್ಲಿ ತಾವು ನೂರೊಂದು ರೂಪಾಯಿ ಮುಯ್ಯಿ ಮಾಡಿದ್ದನ್ನು ನಾನು ಮರೆತಿಲ್ಲ, ಕವರು ಸಿದ್ಧವಾಗಿದೆ. ಅದು ಸಾಲವೋ ಉಡುಗೊರೆಯೋ ಎಂಬುದನ್ನು ತಾವು ಮೂರು ಪ್ರತಿಗಳಲ್ಲಿ ಬರೆದು, ಸಹಿ ಹಾಕಿ, ಬಾಲಿಗಂಜಿಗೆ ಖುದ್ದಾಗಿ ತಂದುಕೊಟ್ಟರೆ ಪರಿಶೀಲಿಸುತ್ತೇನೆ. ಏಳನೆಯ ಸಲಕ್ಕೆ ಕವರು ಸಿಗಬಹುದು.