ಹೊತ್ತು ಮುಳುಗುವ ಮೊದಲು ಊಟ, ಮುಳುಗಿದ ಮೇಲೆ ಶನಿ

ನಮ್ಮ ಮನೆಗೆ ಶನಿ ಬಂದಿದ್ದಾನೆ. ನಡುವಿಗೆ ಡಾಬು ಕಟ್ಟಿಕೊಂಡೇ ಬಂದಿದ್ದಾನೆ. ನನ್ನ ಮೊಮ್ಮಗಳು ಪದ್ದಿ ನಮ್ಮ ಮಾಳಿಗೆಯ ಮೇಲೆ ನಿಂತು ಅವನ ಫೋಟೋ ಹಿಡಿದಳು. ಈಗ ಅವನು ಪಡಸಾಲೆಯಲ್ಲಿ ಗಡಿಯಾರದ ಕೆಳಗೆ ತೂಗುತ್ತಿದ್ದಾನೆ. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನ ಕೈಲಾಗಲಿಲ್ಲ. ಡೇರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ನಿಂತಿದ್ದ ಶಾಂತವ್ವನಿಗೆ, "ನಮ್ಮ ಮನಿಗೆ ಶನಿ ಬಂದಾನ ಬೇ" ಅಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, "ಶನಿವಾರ ಎಳ್ಳೆಣ್ಣಿ ಎರಸ, ಬಿಟ್ಟ ಹೋಗತಾನ" ಎಂದು ಸಮಾಧಾನ ಹೇಳಿದಳು. "ಹೋಗಬಾರದಂತನ ಚಿಕ್ಕೋಡ್ಯಾಗ ಕಟ್ಟ ಹಾಕಿಸೇವಿ" ಅಂದೆ. ಅವಳು ಕ್ಯಾನು ಎತ್ತಿಕೊಂಡು ಬೇರೆ ಸಾಲಿಗೆ ಹೋದಳು.

ನಾನು ಓದಿದ್ದು ಮೂರನೇ ಇಯತ್ತೆ. ಉಳಿದ ಅಕ್ಷರವೆಲ್ಲ ಬಸದಿಯಲ್ಲಿ ಶಾಸ್ತ್ರ ಓದುತ್ತ ಕೂಡಿಬಂದದ್ದು. ಆದರೆ ಒಂದು ವಿದ್ಯೆಯಲ್ಲಿ ನನ್ನನ್ನು ಸದಲಗಾದಲ್ಲಿ ಯಾರೂ ಮೀರಿಸಲಾರರು: ಹೊತ್ತು ಮುಳುಗಲು ಎಷ್ಟು ಉಳಿದಿದೆ ಎಂದು ಒಲೆಯ ಮುಂದೆ ಕುಳಿತೇ ಹೇಳಬಲ್ಲೆ. ಜೈನರ ಮನೆ ನಮ್ಮದು, ಕತ್ತಲಾದ ಮೇಲೆ ತುತ್ತು ಎತ್ತುವ ಹಾಗಿಲ್ಲ. ಕಬ್ಬಿಗೆ ನೀರು ಬಿಟ್ಟ ಮಗನನ್ನು ಹೊಲದಿಂದ, ಕಟ್ಟೆಯ ಮೇಲೆ ಮಾತಿಗೆ ಕುಳಿತ ನಮ್ಮ ಯಜಮಾನರನ್ನು ಕಟ್ಟೆಯಿಂದ ಎಬ್ಬಿಸಿ ತಂದು ತಾಟಿನ ಮುಂದೆ ಕೂರಿಸುವುದು ನನ್ನ ಕೆಲಸ. ಓಣಿಯ ಮಂದಿ ನನ್ನ ಕೂಗು ಕೇಳಿ ದೀಪ ಹಚ್ಚುತ್ತಾರೆ ಎಂದು ನಮ್ಮವರು ಚೇಷ್ಟೆ ಮಾಡುತ್ತಾರೆ. ಈ ನಿಯಮವನ್ನು ಪದ್ದಿಗೆ ಚಿಕ್ಕಂದಿನಲ್ಲಿ ಹಿಡಿಸಿದವಳೂ ನಾನೇ. ಕೊಲ್ಹಾಪುರದ ಕಾಲೇಜಿಗೆ ಹೋದರೂ ಅವಳು ಅದನ್ನು ಬಿಟ್ಟಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಈ ಸಲ ರಜೆಗೆ ಬರುವಾಗ ಅವಳು ಕಾಲೇಜಿನಿಂದ ಒಂದು ದುರ್ಬೀನು ಕೇಳಿ ತಂದಿದ್ದಳು. ನೋಡಲು ನೀರಿನ ಪೈಪಿನ ತುಂಡು, ನಿಲ್ಲಲು ಮೂರು ಕಾಲು. ಅದರ ನೆತ್ತಿಯ ಮೇಲೆ ಇನ್ನೊಂದು ಸಣ್ಣ ದುರ್ಬೀನು. ಎರಡೂ ಒಂದೇ ಕಡೆ ನೋಡುವಂತೆ ಬೆಳಕಿರುವಾಗಲೇ ದೂರದ ನೀರಿನ ಟಾಕಿಗೆ ಗುರಿಯಿಟ್ಟು ಹೊಂದಿಸಬೇಕಂತೆ. ಮೊದಲೇ ಹೊರಗಿಟ್ಟರೆ ಬಿಸಿಲಿಗೆ ಗಾಜು ಕಾಯುತ್ತದಂತೆ. ತಡಮಾಡಿದರೆ ಶನಿ ಇಳಿದು ಬೆಲ್ಲದ ಗಾಣದ ಹೊಗೆಯೊಳಗೆ ಹೋಗುತ್ತಾನಂತೆ. ಹೀಗೆ ಎಲ್ಲ ಲೆಕ್ಕ ಸೇರಿ, ನಾನು ತಾಟು ಹಾಕುವ ಹೊತ್ತಿಗೇ ಅವಳಿಗೆ ಮಾಳಿಗೆಯ ಮೇಲೆ ಕೆಲಸ.

"ಉಣ್ಣಾಕ ಬಾರ ಪದ್ದಿ, ಹೊತ್ತ ಮುಳಗಾಕತ್ತೈತಿ."

"ಅದಕ್ಕನ ಬರಾಕ ಆಗೂದಿಲ್ಲ ಆಯಿ, ಹೊತ್ತ ಮುಳಗಾಕತ್ತೈತಿ."

ಹುಡುಗಿ ದಿನಾ ಸಂಜೆ ಉಪವಾಸ. ನಿಯಮ ಮುರಿದು ಉಣ್ಣು ಎಂದು ನಾನು ಹೇಗೆ ಹೇಳಲಿ? ಫೋಟೋ ಬಿಡು ಎನ್ನಲೂ ಮನಸ್ಸು ಬಾರದು. ಅವಳ ಗಲ್ಲ ಒಳಗೆ ಹೋಗುವುದನ್ನು ನೋಡಿ ನನಗೆ ರೊಟ್ಟಿ ಇಳಿಯದು. ನಮ್ಮವರು ಮಾತ್ರ, "ಮಂದಿಗೆ ಶನಿ ಬೆನ್ನ ಹತ್ತತಾನ, ನಮ್ಮ ಹುಡುಗಿ ಶನಿ ಬೆನ್ನ ಹತ್ಯಾಳ" ಎಂದು ನಕ್ಕರು.

ಒಂದು ಸಂಜೆ ಬೈಯಲೆಂದೇ ಮಾಳಿಗೆ ಹತ್ತಿದೆ. ಪದ್ದಿ ನನ್ನ ತಲೆಯನ್ನು ಮೆಲ್ಲಗೆ ಬಗ್ಗಿಸಿ ಗಾಜಿಗೆ ಕಣ್ಣು ಹಚ್ಚಿಸಿದಳು. ಕತ್ತಲು. ಆ ಕತ್ತಲಿನಲ್ಲಿ ಬೆಣ್ಣೆ ಬಣ್ಣದ ಒಂದು ಸಣ್ಣ ಉಂಡೆ, ಸುತ್ತಲೂ ಡಾಬು. ಯಾವುದಕ್ಕೂ ತಾಗದೆ, ಯಾರೂ ಹಿಡಿಯದೆ, ಸುಮ್ಮನೆ ನಿಂತಿದೆ. ಹುಟ್ಟಿದಾಗಿನಿಂದ ಹೆಸರು ಕೇಳಿ ಹೆದರಿದ್ದೆ. ಇಷ್ಟು ಚೆಂದ ಇದ್ದಾನೆ ಎಂದು ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಮುಗಿಯಲು ಮೇಲೆದ್ದಿತು. ಮೊಳಕೈ ಸ್ಟ್ಯಾಂಡಿಗೆ ಬಡಿಯಿತು. ಶನಿ ಎತ್ತಲೋ ಹೋದ. ಪದ್ದಿ ಮತ್ತೆ ಹುಡುಕುವಷ್ಟರಲ್ಲಿ ಗಾಣದ ಹೊಗೆ ಕವಿಯಿತು.

ಅವಳು ಸಿಟ್ಟಾಗಲಿಲ್ಲ. ಪೂರ್ವಕ್ಕೆ ತಿರುಗಿಸಿ ಕೃತ್ತಿಕೆ ತೋರಿಸಿದಳು. ಬರಿಗಣ್ಣಿಗೆ ಬೆರಳೆಣಿಕೆಯ ಚಿಕ್ಕಿಗಳಿದ್ದ ಕಡೆ ಒಂದು ಸೇರು ಜೋಳ ಚೆಲ್ಲಿದ ಹಾಗಿತ್ತು. "ಈ ಬೆಳಕ ಅಲ್ಲಿಂದ ಹೊಂಟಾಗ ನಿಮ್ಮ ಅಜ್ಜನ ಅಜ್ಜಾನೂ ಹುಟ್ಟಿರಲಿಲ್ಲ ಆಯಿ" ಅಂದಳು. ಅಷ್ಟು ದೂರದಿಂದ ನಡೆದು ಬಂದದ್ದು ನನ್ನ ಈ ಪೊರೆ ಬಂದ ಕಣ್ಣಿಗೇ? ಬೈಗುಳವೆಲ್ಲ ಮರೆತುಹೋಯಿತು. ಕೆಳಗೆ ಇಳಿಯುವಾಗ ಅವಳು ಹೇಳಿದಳು, "ನಾಳೆ ಒಂದ ಸಂಜಿ ಐತಿ. ನಾಡದ ಇದನ್ನ ತಿರುಗಿ ಕೊಡಬೇಕ."

ರಾತ್ರಿಯೆಲ್ಲ ಯೋಚಿಸಿದೆ. ಹುಡುಗಿ ಊಟಕ್ಕೆ ಇಳಿಯಲಾರಳು. ಊಟ ಏಕೆ ಹತ್ತಬಾರದು?

ಮರುದಿನ ಬಿಸಿಲು ಕೆಂಪಾಗುವ ಮೊದಲೇ ಸೊಸೆ ಸುನಂದಾ ರೊಟ್ಟಿಬುಟ್ಟಿ ಹೊತ್ತಳು, ಮಗ ಪಲ್ಲೆಯ ಪಾತ್ರೆ ಹಿಡಿದ, ನಮ್ಮವರು ಮೊಣಕಾಲನ್ನು ಬೈಯುತ್ತ ಮೆಟ್ಟಿಲು ಹತ್ತಿದರು. ಮೂರು ಕಾಲಿನ ಸುತ್ತ ಎಲ್ಲರೂ ಪಂಕ್ತಿ ಕುಳಿತೆವು. ಪದ್ದಿ ಎಡಗೈಯಿಂದ ತಿರುಪು ತಿರುಗಿಸುತ್ತ ಬಲಗೈಯಿಂದ ಉಂಡಳು. ಫೋಟೋ ಅಂದರೆ ಒಮ್ಮೆ ಒತ್ತಿದರೆ ಆಗುವುದಲ್ಲವಂತೆ. ವೀಡಿಯೋ ತೆಗೆದು, ಅದರೊಳಗಿನ ನಡುಗಿದ ಚಿತ್ರಗಳನ್ನು ಆರಿಸಿ ಚೆಲ್ಲಿ, ನೆಟ್ಟಗಿರುವುದನ್ನು ಒಂದರ ಮೇಲೊಂದು ಕೂಡಿಸಬೇಕಂತೆ. "ಕಾಳ ಹಸನ ಮಾಡಿದಂಗ ಆತ ಬಿಡ" ಎಂದಳು ಸುನಂದಾ. ಪದ್ದಿ ರೊಟ್ಟಿಯ ಮೇಲೆ ರೊಟ್ಟಿ ತಿನ್ನುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ನಾನು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು, ಶನಿ ಎಲ್ಲಿ ಕಾಣಿಸುತ್ತಾನೆ ಎಂದು ಆಕಾಶ ನೋಡುತ್ತ ಕುಳಿತೆ. ನನ್ನ ಜನ್ಮದಲ್ಲಿ ಮೊದಲ ಸಲ, ಹೊತ್ತು ಬೇಗ ಮುಳುಗಲಿ ಎಂದು ಕಾಯುತ್ತಿದ್ದೆ.

"ಏನ್ರೀ ಗಡಿಯಾರದವರ" ಅಂದರು ನಮ್ಮವರು. "ಹೊತ್ತ ಮುಳಗಿತಲ್ಲ. ಕೈಯಾಗಿಂದ ಹಂಗನ ಐತಿ."

ನೋಡಿದರೆ ಎಲ್ಲರ ತಾಟು ಖಾಲಿ. ಊರನ್ನೆಲ್ಲ ಉಣ್ಣಿಸುವ ನನ್ನ ರೊಟ್ಟಿಗೆ ಮಾತ್ರ ಕತ್ತಲಾಗಿತ್ತು. ಅದನ್ನು ಬುಟ್ಟಿಗೆ ಹಾಕಿ, ಅರಿವೆ ಮುಚ್ಚಿ, ಎದ್ದು ಸೆರಗು ಬಿಗಿದೆ. "ನಾ ಉಂಡಿಲ್ಲ, ಮೊದಲನೇ ಪಾಳಿ ನಂದ" ಅಂದೆ.

"ಬಾ ಆಯಿ" ಎಂದಳು ಪದ್ದಿ, ಬೆರಳು ನೆಕ್ಕುತ್ತ. "ಆದರ ಕೈ ಹಿಂದ ಕಟ್ಟಕೊಂಡ ನೋಡ."