ಒಂದಕ್ಕೆ ಮೂರು ಕೊಡುವ ಯಂತ್ರ

ಶ್ರೀಹರಿ ನೀರು ಕಾಯಿಸುವ ಹೀಟ್ ಪಂಪ್ ತಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮನೆ ಮಾಲೀಕರಿಗೆ ವಿವರಿಸಲು ಹೋದದ್ದೇ ತಪ್ಪಾಯಿತು.

ಅವನಿಗೆ ಸೊಂಟನೋವು. ದಿನಾ ಸಂಜೆ ಬಿಸಿನೀರು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್‌ನಲ್ಲಿ ನೀರು ಕಾಯುವಷ್ಟರಲ್ಲಿ ಸೊಂಟ ಇನ್ನಷ್ಟು ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯ ಆ ಬಾಡಿಗೆ ಮನೆಯ ತಾರಸಿಯಲ್ಲಿ, ಶೀಟಿನ ನೆರಳಿನಡಿ ಹೊಸ ಯಂತ್ರ ಬಂದು ಕೂತಿತು. ಕಾಯಿಲನ್ನು ಪಕ್ಕದ ಮನೆಯ ಶಂಭುಲಿಂಗಪ್ಪನವರಿಗೆ ದಾನ ಮಾಡಿದ. ಯಂತ್ರದ ಜೊತೆ ಬಂದ ಪುಸ್ತಕವನ್ನು ಪರೀಕ್ಷೆಗೆ ಕೂರುವವನಂತೆ ಮೂರು ಸಲ ಓದಿದ.

ಹತ್ತು ಗಂಟೆಗೆ ಮಾಲೀಕರಾದ ಅಂಬುಜಮ್ಮ ಸಬ್ಬಕ್ಕಿ ಸಂಡಿಗೆ ಇಡಲು ಮೇಲೆ ಬಂದರು. ನಿವೃತ್ತ ಗಣಿತದ ಟೀಚರು. ಏಳನೇ ಕ್ಲಾಸಿನಲ್ಲಿ ಶ್ರೀಹರಿಗೆ ಪಾಠ ಹೇಳಿದವರು. ಈಗಲೂ ಅವರೆದುರು ಅವನು ತಾನಾಗಿ ಕೈಕಟ್ಟಿ ನಿಲ್ಲುತ್ತಿದ್ದ.

"ಏನೋ ಇದು?"

"ಹೀಟ್ ಪಂಪ್, ಮಿಸ್. ಇದರ ಸಿಒಪಿ ಮೂರು. ಅಂದ್ರೆ ಒಂದು ಯೂನಿಟ್ ಕರೆಂಟ್ ಹಾಕಿದ್ರೆ ಮೂರು ಯೂನಿಟ್ ಬಿಸಿ ಕೊಡುತ್ತೆ!"

"ಒಂದು ಹಾಕಿದ್ರೆ ಮೂರು ಹೆಂಗೋ ಬರುತ್ತೆ? ಮಿಕ್ಕ ಎರಡು ಎಲ್ಲಿಂದ ಬಂತು?"

"ಗಾಳಿಯಿಂದ, ಮಿಸ್. ಇದು ಬಿಸಿ ಹುಟ್ಟಿಸಲ್ಲ, ಸಾಗಿಸುತ್ತೆ. ಒಳಗೆ ರೆಫ್ರಿಜರೆಂಟ್ ಅಂತ ಒಂದು ದ್ರವ ಇದೆ. ಅದು ಸುತ್ತಲಿನ ಗಾಳೀಲಿರೋ ಬಿಸೀನ ಹೀರ್ಕೊಂಡು ಆವಿಯಾಗುತ್ತೆ. ಕಂಪ್ರೆಸರ್ ಅದನ್ನ ಅದುಮಿ ಇನ್ನೂ ಬಿಸಿ ಮಾಡುತ್ತೆ. ಆ ಬಿಸಿ ಟ್ಯಾಂಕಿನ ನೀರಿಗೆ ಹೋಗುತ್ತೆ."

ಎಷ್ಟು ಸೊಗಸಾಗಿ ಹೇಳಿದ! ಏಳನೇ ಕ್ಲಾಸಿನಲ್ಲಿ ಒಂದೇ ಒಂದು ದಿನ ಹೀಗೆ ಉತ್ತರ ಹೇಳಿದ್ದರೆ ಅವನ ಬದುಕೇ ಬೇರೆಯಾಗುತ್ತಿತ್ತು.

"ಸುತ್ತಲಿನ ಗಾಳಿ ಅಂದ್ರೆ ನನ್ನ ತಾರಸಿ ಗಾಳಿ" ಎಂದರು ಅಂಬುಜಮ್ಮ ನಿಧಾನವಾಗಿ. "ಅಂದ್ರೆ ನನ್ನ ಸಂಡಿಗೆ ಒಣಗಿಸೋ ಬಿಸೀನ ನೀನು ಸ್ನಾನಕ್ಕೆ ಹೊಡ್ಕೋತಿದೀಯ!"

ಪಕ್ಕದ ತಾರಸಿಯಿಂದ ಶಂಭುಲಿಂಗಪ್ಪ ತಲೆ ಹಾಕಿದರು. "ನಮ್ಮ ಕಡೇದೂ ಎಳೀತಿದೆ ಅನ್ಸುತ್ತೆ, ಅಮ್ಮ. ನಮ್ಮ ಮೆಣಸಿನಕಾಯಿ ಇನ್ನೂ ಮೆತ್ತಗೇ ಇದೆ." ಅವರು ಅದನ್ನು ಒಣಗಲು ಹಾಕಿ ಹತ್ತು ನಿಮಿಷವಾಗಿತ್ತು.

"ಸಂಜೆ ಒಳಗೆ ಇದನ್ನ ತೆಗೀ. ಇಲ್ಲಾಂದ್ರೆ ಮನೆ ಖಾಲಿ ಮಾಡು."

ಶ್ರೀಹರಿ ಸೊಂಟ ಹಿಡಿದುಕೊಂಡೇ ಯಂತ್ರದ ಫ್ಯಾನಿನ ಕಡೆ ಓಡಿದ. "ಮಿಸ್, ಒಂದ್ನಿಮಿಷ ಇಲ್ಲಿ ನಿಂತ್ಕೊಳ್ಳಿ. ಬಿಸಿ ಕೊಟ್ಟ ಗಾಳಿ ಈ ಫ್ಯಾನಿಂದ ಹೊರಗೆ ಬರುತ್ತೆ. ಅದು ತಗೊಳ್ಳೋದು ಎಷ್ಟು ಕಮ್ಮಿ ಅಂತ ನೀವೇ ನೋಡಿ."

ಅಂಬುಜಮ್ಮ ಫ್ಯಾನಿನೆದುರು ನಿಂತರು. ತಣ್ಣನೆಯ ಗಾಳಿ ಮುಖಕ್ಕೆ ಬೀಸಿತು. ಸುತ್ತ ಕಾದ ಬಿಸಿಲು. ಅವರ ಗಂಟುಮುಖ ಸಡಿಲವಾಯಿತು.

"ಶ್ರೀಹರಿ, ಒಂದು ಕುರ್ಚಿ ತಾ."

ಅರ್ಧ ಗಂಟೆಯಲ್ಲಿ ಬೀದಿಯವರೂ ಬಂದು ಆರು ಕುರ್ಚಿಗಳಾದವು. ಸಂಡಿಗೆ ದೂರದ ಬಿಸಿಲಿಗೆ ಸರಿಯಿತು. ಶಂಭುಲಿಂಗಪ್ಪ ಗೋಡೆ ಹಾರಿಯೇ ಬಂದರು. "ಏನ್ ಮಿಷನ್ನು ಗುರೂ! ಆ ಕಡೆ ಬಿಸಿ, ಈ ಕಡೆ ತಂಪು!" ಶ್ರೀಹರಿ ತಾನೇ ಅದನ್ನು ಕಂಡುಹಿಡಿದವನಂತೆ ಉಬ್ಬಿಹೋದ.

ಅಷ್ಟರಲ್ಲಿ ಯಂತ್ರ ನಿಂತಿತು.

"ಯಾಕೋ ನಿಂತ್ಹೋಯ್ತು?"

"ಥರ್ಮೋಸ್ಟಾಟ್, ಮಿಸ್. ಟ್ಯಾಂಕಲ್ಲಿ ನೀರು ಕಾದ ಮೇಲೆ ಅದೇ ನಿಲ್ಲಿಸುತ್ತೆ. ಬಿಸಿನೀರು ಖರ್ಚಾಗಿ ತಣ್ಣೀರು ತುಂಬಿದ್ರೆ ಮತ್ತೆ ಶುರುವಾಗುತ್ತೆ."

"ಭೇಷ್!" ಎಂದರು ಅಂಬುಜಮ್ಮ. ಅವರ ಬಾಯಿಂದ ಆ ಮಾತು ಕೇಳಲು ಶ್ರೀಹರಿ ಮೂವತ್ತು ವರ್ಷ ಕಾದಿದ್ದ. ಆ ಖುಷಿಯಲ್ಲಿ, ಅವರು ಹೇಳಿದಂತೆ ಬಂದವರಿಗೆಲ್ಲ ಹಂಚಲು ಗಾಂಧಿಬಜಾರಿನಿಂದ ಇಡೀ ಹಲಸಿನಹಣ್ಣು ಹೊತ್ತು ತಂದ. ಆಮೇಲೆ ಕಾಫಿಪುಡಿ, ಹಾಲು, ಮತ್ತೆ ಹಾಲು ಎಂದು ಸಂಜೆಯವರೆಗೂ ಅಂಗಡಿಗೂ ಅಂಬುಜಮ್ಮನವರ ಅಡಿಗೆಮನೆಗೂ ಅಲೆದ.

ಐದು ಗಂಟೆಗೆ ಸೊಂಟ ಸಂಪೂರ್ಣ ಕೈಕೊಟ್ಟಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಬಂದದ್ದು ತಣ್ಣೀರು.

ಗೋಡೆ ಹಿಡಿದು ತಾರಸಿ ಹತ್ತಿದ. ಯಂತ್ರ ಭರ್ರೆಂದು ತಂಪು ಬೀಸುತ್ತಿತ್ತು. ಬೀದಿಯ ಹಿತ್ತಾಳೆ ಪಾತ್ರೆಗಳೆಲ್ಲ ತೊಳೆದು ಹೊಳೆಯುತ್ತಿದ್ದವು. ಟ್ಯಾಂಕಿನ ನಲ್ಲಿಗೆ ಪೈಪ್ ಸಿಕ್ಕಿಸಿ ಶಂಭುಲಿಂಗಪ್ಪ ತಾರಸಿಗೇ ಬಿಸಿನೀರಿನ ಸ್ನಾನ ಮಾಡಿಸುತ್ತಿದ್ದರು.

"ನೀನು ಹೇಳ್ಕೊಟ್ಟ ಹಾಗೇ ಮಾಡ್ತಿದೀವಿ ಕಣೋ" ಎಂದರು ಅಂಬುಜಮ್ಮ ಅಭಿಮಾನದಿಂದ. "ಬೆಳಗಿಂದ ಗಾಳಿ ನಿಲ್ಲೋಕೇ ಬಿಟ್ಟಿಲ್ಲ."

"ಮಿಸ್, ಇದನ್ನ ನಾಳೇನೇ ತೆಗೆಸಿಬಿಡ್ತೀನಿ."

"ತೆಗೆಸಿದ್ಯೋ, ಮನೆ ಖಾಲಿ ಮಾಡು!"

ಅವನ ಮುಖ ನೋಡಿ ಶಂಭುಲಿಂಗಪ್ಪನವರಿಗೆ ಕರುಳು ಚುರುಕ್ ಎಂದಿತು.

"ಬಿಸಿನೀರು ತಾನೇ ಬೇಕು? ನಮ್ಮನೇಲಿ ಒಂದು ಕಾಯಿಲ್ ಇದೆ, ತಗೊಂಡ್ಹೋಗು. ಬೆಳಿಗ್ಗೆ ಮಾತ್ರ ವಾಪಸ್ ತಂದ್ಕೊಟ್ಬಿಡಪ್ಪಾ, ಮರೀಬೇಡ."